ಆ 14 ಕೆ.ಜಿ. ಯಾರದು?

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಸ್ಪರ್ಧೆಗೆ ಈಜುವ ಮಕ್ಕಳು ಭುಜ ನೋವೆಂದು ಬರುತ್ತಿರುತ್ತಾರೆ. ಫ್ರೀಸ್ಟೈಲ್‌, ಬಟರ್‌ಫ್ಲೈಯಲ್ಲಿ ನೀರನ್ನು ಎಳೆಯುವಾಗ ತೋಳು ಒಳಕ್ಕೆ ತಿರುಗುತ್ತದೆ. ಅದೇ ಕೆಲಸ ದಿನವೂ ನೂರಾರು ಸಲ. ಎದೆ, ಬೆನ್ನಿನ ದೊಡ್ಡ ಸ್ನಾಯುಗಳು ಬಲಿಯುತ್ತವೆ. ತೋಳನ್ನು ಹೊರಕ್ಕೆ ತಿರುಗಿಸುವ ಸಣ್ಣ ಸ್ನಾಯುಗಳು ಹಿಂದೆ ಉಳಿಯುತ್ತವೆ. ಅದಕ್ಕೇ ಎರಡೂ ಬಲ ಅಳೆಯುತ್ತೇನೆ. ಹೊರಗಿನದು ಒಳಗಿನದರ ಮೂರನೇ ಎರಡರಷ್ಟಾದರೂ ಇರಲಿ ಅನ್ನುವುದು ನಮ್ಮ ಲೆಕ್ಕ.

ಹದಿನಾರರ ಒಬ್ಬ ಹುಡುಗ ಬಂದಿದ್ದ. ಬಟರ್‌ಫ್ಲೈ ಈಜುವವನು. ಬೋರಲು ಮಲಗಿಸಿ, ತೋಳನ್ನು ಪಕ್ಕಕ್ಕೆ ಚಾಚಿಸಿ, ಮುಂಗೈ ಮಂಚದ ಅಂಚಿನಿಂದ ಕೆಳಗೆ ಇಳಿಬಿಡಿಸಿದೆ. ಬಲ ಅಳೆಯುವ ಡೈನಮೋಮೀಟರನ್ನು ಅವನ ಮಣಿಕಟ್ಟಿಗೆ ಒತ್ತಿ ಹಿಡಿದೆ. ಒಳಕ್ಕೆ 14 ಕೆ.ಜಿ., ಹೊರಕ್ಕೆ 11. ಅಂದರೆ ಸುಮಾರು ಶೇ 79. ಚೆನ್ನಾಗಿದೆ ಅಂದುಕೊಂಡು ಬರೆದುಕೊಂಡೆ.

ಎರಡನೇ ಸಲ ಒತ್ತುವಾಗ ಅವನೇ ಹೇಳಿದ: "ಮೇಡಂ, ನಿಮ್ಮ ಕೈನ ಹಿಂದ ಸರಿಯಾಕತ್ತೈತಲ್ರಿ."

ನಿಜ. ನನ್ನ ಕೈ ಸೋಲುತ್ತಿತ್ತು. ಆ 14 ಕೆ.ಜಿ. ನಾನು ತಡೆದು ನಿಲ್ಲಬಲ್ಲಷ್ಟು ಬಲ, ಅಷ್ಟೇ. ಹೊರಗಿನ ಬಲ ಕಡಿಮೆ ಇದ್ದುದರಿಂದ ಅದನ್ನು ತಡೆದಿದ್ದೆ, ಅದು ಸರಿಯಾಗಿಯೇ ಬಂದಿತ್ತು. ಜಾಸ್ತಿ ಇದ್ದದ್ದು ಮಾತ್ರ ಕುಗ್ಗಿ, ಎರಡರ ಹೋಲಿಕೆ ಸುಮ್ನೆ ಚೆಂದ ಕಂಡಿತ್ತು.

ಗೋಡೆಗೆ ಗಟ್ಟಿ ಕೊಂಡಿ ಹಾಕಿಸಿದೆ. ಹಿಗ್ಗದ ಬೆಲ್ಟಿನಿಂದ ಯಂತ್ರವನ್ನು ಅದಕ್ಕೆ ಬಿಗಿದೆ. ಬೆಲ್ಟು ಮುಂಗೈಗೆ ನೇರ ಅಡ್ಡ ಬರಬೇಕು, ಓರೆಯಾದರೆ ಅಂಕಿ ತಪ್ಪುತ್ತದೆ. ತೋಳಿನ ಕೆಳಗೆ ಮಡಿಸಿದ ಟವೆಲ್. ಜರ್ಕ್ ಕೊಡದೆ ನಿಧಾನ ಬಲ ಏರಿಸಿ ಐದು ಸೆಕೆಂಡ್ ಹಿಡಿಯಬೇಕು. ಮೂರು ಸಲ, ನಡುವೆ ವಿಶ್ರಾಂತಿ. ನೋವಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ನೋವಿನಲ್ಲಿ ಬಂದ ಅಂಕಿ ಬಲದ ಅಂಕಿಯಲ್ಲ. ಇನ್ನೊಂದು, ಈಜಿ ದಣಿದು ಬಂದವರನ್ನು ಅಳೆಯುವುದಿಲ್ಲ, ಕೊಳಕ್ಕಿಳಿಯುವ ಮೊದಲೇ ಕರೆಸುತ್ತೇನೆ.

ಅದೇ ಹುಡುಗನಿಗೆ ಮತ್ತೆ ಅಳೆದಾಗ ಒಳಕ್ಕೆ 19, ಹೊರಕ್ಕೆ 11. ಶೇ 58! ಭುಜ ಯಾಕೆ ನೋಯುತ್ತಿತ್ತು ಅನ್ನುವುದಕ್ಕೆ ಇದೊಂದೇ ಉತ್ತರ ಅಂತ ನಾನು ಹೇಳುವುದಿಲ್ಲ. ಈಜುವ ದೂರ ದಿಢೀರ್ ಏರಿಸಿದರೂ ನೋವು ಬರುತ್ತದೆ. ಆದರೆ ಯಾವ ವ್ಯಾಯಾಮದಿಂದ ಶುರು ಮಾಡಬೇಕು ಅನ್ನುವುದು ತಿಳಿಯಿತಲ್ವಾ? ರಬ್ಬರ್ ಬ್ಯಾಂಡ್, ಸಣ್ಣ ಡಂಬೆಲ್ ಹಿಡಿಸಿದೆ. ಎರಡು ತಿಂಗಳಲ್ಲಿ ಹೊರಗಿನದು 13 ಮುಟ್ಟಿತು.

ಆಮೇಲೆ ಹಳೆಯ ರಿಜಿಸ್ಟರ್ ತೆಗೆದೆ. ಬರೀ ಕೈಯಲ್ಲಿ ಹಿಡಿದು ಅಳೆದಿದ್ದ ದೊಡ್ಡ ಮಕ್ಕಳ ಮನೆಗೆಲ್ಲ ಫೋನ್ ಮಾಡಿ, ಇನ್ನೊಮ್ಮೆ ಬನ್ನಿ, ದುಡ್ಡು ಬೇಡ ಅಂದೆ.