ಯಾವ ದಿನದ ಕಾರು ಬೇಕು? ವೇಗದ ದಾಖಲೆಯ ಮಾಡೆಲ್‌ಗಳು ಮತ್ತು ನಾನು

ನೆಲದ ಮೇಲೆ ವೇಗದ ವಿಶ್ವದಾಖಲೆ ಮಾಡಿದ ಕಾರುಗಳ ಪುಟ್ಟ ಮಾಡೆಲ್‌ಗಳನ್ನು ನಾನು ಕೂಡಿಡುತ್ತೇನೆ. ಕೆಲಸದ ಮೇಲೆ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದಮೇಲೆ ಹತ್ತಿದ ಗೀಳು ಇದು. ಈ ಊರಲ್ಲಿದ್ದು ಹತ್ತದೇ ಇರುತ್ತಾ? ಇಲ್ಲಿನ ಸಾರಿಗೆ ಮ್ಯೂಸಿಯಂನಲ್ಲೇ ಥ್ರಸ್ಟ್ ಎಸ್‌ಎಸ್‌ಸಿ ಇದೆ. 1997ರ ಅಕ್ಟೋಬರ್ 15ರಂದು ಅಮೆರಿಕದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆಂಡಿ ಗ್ರೀನ್ ಗಂಟೆಗೆ ಸುಮಾರು 1,228 ಕಿ.ಮೀ. ವೇಗದಲ್ಲಿ ಓಡಿಸಿದ್ದು ಇದನ್ನೇ. ಶಬ್ದದ ವೇಗವನ್ನು ದಾಟಿದ ಕಾರು.

ಅಳತೆ ಯಾವುದೆಂದು ಮೊದಲೇ ಗಟ್ಟಿ ಮಾಡಿಕೊಂಡೆ: 1:43, ಅಂದರೆ ಅಸಲಿ ಕಾರಿನ 43ರಲ್ಲಿ ಒಂದು ಪಾಲು. ಬೇರೆ ಬೇರೆ ಅಳತೆಯವನ್ನು ಬೆರೆಸಿಟ್ಟರೆ ಯಾವುದು ಎಷ್ಟು ದೊಡ್ಡದು ಅಂತ ಗೊತ್ತೇ ಆಗುವುದಿಲ್ಲ. 1899ರಲ್ಲಿ ಮೊದಲ ಸಲ ಗಂಟೆಗೆ 100 ಕಿ.ಮೀ. ದಾಟಿದ ಕಮಿಲ್ ಜೆನಾಟ್ಸಿಯ ಎಲೆಕ್ಟ್ರಿಕ್ ಕಾರು ಈ ಅಳತೆಯಲ್ಲಿ ಅಂಗೈಯೊಳಗೆ ಕೂರುತ್ತದೆ. ಹದಿನಾರೂವರೆ ಮೀಟರ್ ಉದ್ದದ ಥ್ರಸ್ಟ್ ಎಸ್‌ಎಸ್‌ಸಿಗೆ 38 ಸೆಂ.ಮೀ. ಜಾಗ ಬೇಕು. ಒಂದೇ ಸಾಲಿನಲ್ಲಿ ಇವೆರಡನ್ನೂ ನೋಡುವುದು ನನಗೆ ದೊಡ್ಡ ಖುಷಿ.

ಕೊಳ್ಳುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ. ಇದು ಯಾವ ದಿನದ ಕಾರು? ಈ ಕಾರುಗಳು ಒಂದು ಓಟದಿಂದ ಇನ್ನೊಂದಕ್ಕೆ ರೂಪ ಬದಲಿಸುತ್ತಿದ್ದವು. ಜಾರ್ಜ್ ಐಸ್ಟನ್ ಅವರ ಥಂಡರ್‌ಬೋಲ್ಟ್ ತಗೊಳ್ಳಿ. ಎರಡು ರೋಲ್ಸ್‌ರಾಯ್ಸ್ ವಿಮಾನದ ಎಂಜಿನ್ ಹೊತ್ತ ಏಳು ಟನ್ನಿನ ದೈತ್ಯ. 1937ರಲ್ಲಿ ಅದರ ಮೈ ಬರೀ ಅಲ್ಯೂಮಿನಿಯಂ ಬಣ್ಣ, ಬಾಲದ ಮೇಲೊಂದು ರೆಕ್ಕೆ. 1938ರ ಆಗಸ್ಟ್‌ನಲ್ಲಿ ಅಮೆರಿಕದ ಬಾನೆವಿಲ್‌ನ ಬಿಳಿ ಉಪ್ಪಿನ ಬಯಲಲ್ಲಿ, ಬೆಳಕಿನಿಂದ ಸಮಯ ಅಳೆಯುವ ಯಂತ್ರಕ್ಕೆ ಆ ಹೊಳೆಯುವ ಮೈ ಕಾಣಲೇ ಇಲ್ಲ. ಅದಕ್ಕೇ ಪಕ್ಕಗಳಿಗೆ ಕಪ್ಪು ಬಳಿದು, ನಡುವೆ ಹಳದಿ ವೃತ್ತ ಹಾಕಿದರು. ಸೆಪ್ಟೆಂಬರ್ 15ರಂದು ಜಾನ್ ಕಾಬ್ ತಮ್ಮ ರೈಲ್ಟನ್ ಕಾರಿನಲ್ಲಿ ಗಂಟೆಗೆ 563 ಕಿ.ಮೀ. ಮುಟ್ಟಿ ದಾಖಲೆ ಕಿತ್ತುಕೊಂಡರು. ಮರುದಿನವೇ ಐಸ್ಟನ್ 575ಕ್ಕೆ ಹೋಗಿ ಅದನ್ನು ವಾಪಸ್ ಪಡೆದರು! ಆ ಓಟಕ್ಕೆ ಬಾಲದ ರೆಕ್ಕೆ ತೆಗೆದು, ಮೂತಿಯಲ್ಲಿ ಗಾಳಿ ಹೋಗುವ ಬಾಯಿ ಮುಚ್ಚಿದ್ದರು.

ಬರ್ಮಿಂಗ್‌ಹ್ಯಾಮ್‌ನ ಆಟಿಕೆ ಮೇಳದಲ್ಲಿ ಒಂದು ಥಂಡರ್‌ಬೋಲ್ಟ್ ಸಿಕ್ಕಾಗ ಡಬ್ಬಿಯ ಮೇಲೆ ಬರೀ 1938 ಅಂತಿತ್ತು. ನಾನು ಮೊದಲು ಬಾಲ ನೋಡಿದೆ, ಆಮೇಲೆ ಮೂತಿ. ರೆಕ್ಕೆ ಇಲ್ಲ, ಬಾಯಿ ಮುಚ್ಚಿದೆ. ಸೆಪ್ಟೆಂಬರ್ 16ರ ಕಾರು! ಚೌಕಾಸಿ ಕೂಡ ಜಾಸ್ತಿ ಮಾಡಲಿಲ್ಲ.

ಡೊನಾಲ್ಡ್ ಕ್ಯಾಂಬೆಲ್ ಅವರ ಬ್ಲೂಬರ್ಡ್ ಸಿಎನ್7 ಕೂಡ ಹೀಗೇ. ಕಾರ್ಗಿ ಕಂಪನಿ 1960ರಲ್ಲಿ ತಂದ ಆಟಿಕೆಗೆ ಬಾಲದ ರೆಕ್ಕೆ ಇಲ್ಲ. ಅದೇ ವರ್ಷ ಬಾನೆವಿಲ್‌ನಲ್ಲಿ ಕಾರು ಪಲ್ಟಿಯಾಗಿ ಕ್ಯಾಂಬೆಲ್ ತಲೆಬುರುಡೆಗೆ ಪೆಟ್ಟಾಯಿತು. ಕಾರನ್ನು ಮತ್ತೆ ಕಟ್ಟುವಾಗ ಎತ್ತರದ ರೆಕ್ಕೆ ಸೇರಿಸಿದರು. 1964ರ ಜುಲೈ 17ರಂದು ಆಸ್ಟ್ರೇಲಿಯಾದ ಲೇಕ್ ಐರ್‌ನಲ್ಲಿ 648 ಕಿ.ಮೀ. ದಾಟಿದ್ದು ಆ ರೆಕ್ಕೆಯ ಕಾರು. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ. ಮನೆಗೆ ಬಂದವರು ನೀಲಿ ಕಾರು ಎರಡೇಕೆ ಅಂದರೆ ಅಪಘಾತದ ಕಥೆ ಹೇಳಲೇಬೇಕಾಗುತ್ತದೆ.

ಹಳೆಯದನ್ನು ಕೊಳ್ಳುವಾಗ ಲೋಹವನ್ನು ಚೆನ್ನಾಗಿ ನೋಡಿ. ಎರಡನೇ ಮಹಾಯುದ್ಧಕ್ಕೂ ಮೊದಲಿನ ಡಿಂಕಿ ಆಟಿಕೆಗಳ ಸತುವಿನಲ್ಲಿ ಸೀಸ ಬೆರೆತಿದ್ದರೆ ಒಳಗಿಂದಲೇ ಬಿರುಕು ಬಿಡುತ್ತದೆ, ಊದಿಕೊಳ್ಳುತ್ತದೆ, ಕೊನೆಗೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಹಾಗಾಗಿ ಬಣ್ಣದ ಕೆಳಗೆ ಕೂದಲೆಳೆಯಷ್ಟು ಗೆರೆ ಕಂಡರೂ ನಾನು ಕೆಳಗಿಟ್ಟು ಮುಂದೆ ಹೋಗುತ್ತೇನೆ. ಬಣ್ಣ ಉದುರಿದ್ದರೆ ಚಿಂತೆಯಿಲ್ಲ. ಹಳೆಯ ಆಟಿಕೆಗೆ ಮತ್ತೆ ಬಣ್ಣ ಹಚ್ಚುವುದಂತೂ ಬೇಡವೇ ಬೇಡ.

ಕೈಯಾರೆ ಜೋಡಿಸಿದ್ದು ಗೋಲ್ಡನ್ ಆ್ಯರೋ. 1929ರಲ್ಲಿ ಅಮೆರಿಕದ ಡೇಟೋನಾ ಕಡಲತೀರದಲ್ಲಿ ಹೆನ್ರಿ ಸೀಗ್ರೇವ್ 372 ಕಿ.ಮೀ. ವೇಗದಲ್ಲಿ ಓಡಿಸಿದ ಕಾರು. ವೈಟ್‌ಮೆಟಲ್ ಎಂಬ ಮೆದು ಲೋಹದ ಬಿಡಿಭಾಗಗಳ ಕಿಟ್. ಅಚ್ಚಿನ ಅಂಚು ಉಜ್ಜಿ ತೆಗೆಯುವುದೇ ಅರ್ಧ ಕೆಲಸ. ಚಿನ್ನದ ಬಣ್ಣ ಹದವಾಗಿ ಬರಲಿ ಅಂತ ಬ್ಯೂಲಿಯ ಮ್ಯೂಸಿಯಂಗೆ ಹೋಗಿ ಅಸಲಿ ಕಾರನ್ನೇ ನೋಡಿ ಬಂದೆ. ಅದರ ಬಾನೆಟ್ ಮೇಲೆ ಬಂದೂಕಿನ ಹಾಗೆ ಗುರಿ ನೋಡುವ ಸಾಧನವಿದೆ, ನೇರ ಓಡಿಸಲು. ಅದನ್ನು ತೆಳು ಹಿತ್ತಾಳೆ ತಂತಿಯಿಂದ ನಾನೇ ಮಾಡಿದೆ. ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಅಂಟಿಸಿದ ಆ ತುಂಡು ಅಕ್ಕಿಕಾಳಿಗಿಂತ ಚಿಕ್ಕದು.

ಈಗ ಹುಡುಕುತ್ತಿರುವುದು ಗೋಲ್ಡನ್‌ರಾಡ್. ನಾಲ್ಕು ಕ್ರೈಸ್ಲರ್ ಎಂಜಿನ್‌ಗಳನ್ನು ಸಾಲಾಗಿ ಕೂರಿಸಿ ಸಮ್ಮರ್ಸ್ ಸಹೋದರರು ಕಟ್ಟಿದ, 1965ರಲ್ಲಿ 658 ಕಿ.ಮೀ. ಮುಟ್ಟಿದ ಸಣಕಲು ಕಾರು. ಮುಂದಿನ ಮೇಳಕ್ಕೆ ಅದರ ಫೋಟೊಗಳನ್ನು ಫೋನಿನಲ್ಲಿ ಜೋಡಿಸಿಟ್ಟುಕೊಂಡಿದ್ದೇನೆ.