ಸರಕು ವ್ಯಾನ್ ಮನೆಯಾಗಬೇಕಾದರೆ: ಗೋಡೆ ಮುಚ್ಚುವ ಮೊದಲಿನ ಕೆಲಸ

ಸರಕು ವ್ಯಾನನ್ನು ಓಡಾಡುವ ಮನೆ ಮಾಡಹೊರಟವರು ಸಾಮಾನ್ಯವಾಗಿ ಮಂಚ, ಕಪಾಟುಗಳ ಚಿತ್ರ ಬಿಡಿಸುವುದರಿಂದ ಶುರು ಮಾಡುತ್ತಾರೆ. ಮರಗೆಲಸದಲ್ಲಾದ ತಪ್ಪನ್ನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಸರಿಪಡಿಸಬಹುದು. ಒಳಗೋಡೆಯ ಹಿಂದೆ ಉಳಿದುಹೋದ ತುಕ್ಕು, ಸೋರಿಕೆ, ತೆಳು ವೈರು ಹಾಗಲ್ಲ; ಅವನ್ನು ಮುಟ್ಟಬೇಕೆಂದರೆ ಇಡೀ ಮನೆಯನ್ನೇ ಬಿಚ್ಚಬೇಕು. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಮುಗಿದ ಮೇಲೆ ಕಣ್ಣಿಗೆ ಕಾಣದ ಕೆಲಸದ್ದು.

ತೂಕ ಮತ್ತು ಜಾಗ

ವಾಹನದ ದಾಖಲೆಯಲ್ಲಿ ಗರಿಷ್ಠ ಒಟ್ಟು ತೂಕ ಇರುತ್ತದೆ. ವ್ಯಾನನ್ನು ಪೂರ್ತಿ ಖಾಲಿ ಮಾಡಿ, ಇಂಧನ ಟ್ಯಾಂಕ್ ತುಂಬಿಸಿ, ವೇಬ್ರಿಡ್ಜಿನ (ಇಡೀ ವಾಹನವನ್ನು ತೂಗುವ ತಕ್ಕಡಿ) ಮೇಲೆ ತೂಗಿಸಿ. ಎರಡರ ನಡುವಿನ ವ್ಯತ್ಯಾಸದಲ್ಲೇ ಮರ, ಬ್ಯಾಟರಿ, ನೀರು, ಬಟ್ಟೆಬರೆ, ಜನ ಎಲ್ಲವೂ ಹಿಡಿಯಬೇಕು. 18 ಮಿ.ಮೀ. ಪ್ಲೈವುಡ್‌ನ 8×4 ಅಡಿ ಹಾಳೆ ಒಂದಕ್ಕೇ ಸುಮಾರು 30 ಕೆ.ಜಿ. ತೂಕ. ಮನೆಯ ಪೀಠೋಪಕರಣಕ್ಕೆ ಬಳಸುವ ದಪ್ಪವನ್ನು ವ್ಯಾನಿಗೂ ತಂದರೆ ಅರ್ಧ ದಾರಿಯಲ್ಲೇ ಮಿತಿ ಮೀರುತ್ತದೆ. ಕಪಾಟಿನ ಬದಿಗಳಿಗೆ 12, ಒಳಗೋಡೆಗೆ 4ರಿಂದ 6 ಮಿ.ಮೀ. ಸಾಕು.

ನೀರಿನ ಟ್ಯಾಂಕ್, ಬ್ಯಾಟರಿಯಂಥ ಭಾರದ ವಸ್ತುಗಳು ನೆಲಕ್ಕೆ ಹತ್ತಿರ, ಹಿಂದಿನ ಆಕ್ಸಲ್‌ನ ಮೇಲೆ ಅಥವಾ ಸ್ವಲ್ಪ ಮುಂದೆ ಇರಲಿ. ಎರಡೂ ಒಂದೇ ಬದಿಗೆ ಬಂದರೆ ವ್ಯಾನ್ ಓಲಾಡುತ್ತದೆ. ಮರ ಕೊಯ್ಯುವ ಮುನ್ನ ರಟ್ಟಿನ ಪೆಟ್ಟಿಗೆಗಳಲ್ಲಿ ಇಡೀ ಒಳಾಂಗಣವನ್ನು ನಿಜ ಅಳತೆಗೆ ಕಟ್ಟಿ, ಒಳಗೆ ನಿಂತು, ಕೂತು, ಮಲಗಿ ನೋಡಿ. ಮಂಚ ಅಡ್ಡಕ್ಕೆ ಹಾಕುವುದಿದ್ದರೆ ಅಳತೆ ತೆಗೆಯುವುದು ತಗಡಿನಿಂದ ತಗಡಿಗಲ್ಲ. ಎರಡೂ ಬದಿಯ ಇನ್ಸುಲೇಷನ್ (ಶಾಖ ತಡೆಯುವ ಪದರ), ಒಳಗೋಡೆ ಸೇರಿ 6ರಿಂದ 10 ಸೆಂ.ಮೀ. ಹೋಗುತ್ತದೆ.

ತೂತು ಕೊರೆಯುವುದು

ಚಾವಣಿಯ ಫ್ಯಾನ್, ಕಿಟಕಿ, ವೈರಿನ ದಾರಿ, ಎಲ್ಲ ತೂತುಗಳೂ ಇನ್ಸುಲೇಷನ್‌ಗೆ ಮೊದಲೇ ಆಗಬೇಕು. ಅದಕ್ಕೂ ಮೊದಲು ತುಕ್ಕು ಇರುವಲ್ಲಿ ತಂತಿ ಬ್ರಷ್ಷಿನಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ತುಕ್ಕು ನಿರೋಧಕ ಪ್ರೈಮರ್ ಮತ್ತು ಬಣ್ಣ ಹಚ್ಚಿ.

ಚಾವಣಿ ಫ್ಯಾನಿಗೆ ಹೆಚ್ಚಾಗಿ 14×14 ಇಂಚಿನ ಚೌಕ ಬೇಕು. ಒಳಗಿನ ಅಡ್ಡಪಟ್ಟಿಗಳನ್ನು ಕತ್ತರಿಸದೆ, ಅವುಗಳ ನಡುವೆಯೇ ಜಾಗ ಹುಡುಕಿ. ಗೆರೆಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಾಲ್ಕು ಮೂಲೆಗೆ ತೂತು ಕೊರೆದು, ಸಣ್ಣ ಹಲ್ಲಿನ ಬ್ಲೇಡ್ ಹಾಕಿದ ಜಿಗ್‌ಸಾದಿಂದ ಕತ್ತರಿಸಿ. ಉದುರಿದ ಲೋಹದ ಪುಡಿಯನ್ನು ಅವತ್ತೇ ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಒಂದು ರಾತ್ರಿಯ ಇಬ್ಬನಿ ಸಾಕು, ಚಾವಣಿಯ ಬಣ್ಣದ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚಿ ಪೂರ್ತಿ ಒಣಗಲು ಬಿಡಿ. ನಂತರ ಚೌಕಟ್ಟಿನಡಿ ಬ್ಯೂಟೈಲ್ ಟೇಪ್ (ಮೆತ್ತನೆಯ, ಅಂಟುವ ರಬ್ಬರ್ ಪಟ್ಟಿ), ಸ್ಕ್ರೂ ತಲೆ ಮತ್ತು ಅಂಚುಗಳ ಮೇಲೆ ಚಾವಣಿಗೆಂದೇ ಇರುವ ಸೀಲೆಂಟ್ (ಸೋರಿಕೆ ತಡೆಯುವ ಅಂಟು). ಬಚ್ಚಲಿಗೆ ಹಾಕುವ ಸಿಲಿಕೋನ್ ಬೇಡ. ಅದು ಬಿಟ್ಟುಕೊಂಡರೆ, ಉಳಿದ ಪದರದ ಮೇಲೆ ಹೊಸದಾಗಿ ಏನೂ ಹಿಡಿಯುವುದಿಲ್ಲ. ಸೀಲೆಂಟ್ ಗಟ್ಟಿಯಾದ ಮೇಲೆ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ನೋಡಿ.

ತೇವ ಮತ್ತು ಇನ್ಸುಲೇಷನ್

ಇಬ್ಬರು ಮಲಗಿದರೆ ಉಸಿರು, ಬೆವರಿನಿಂದ ರಾತ್ರಿ ಕಳೆಯುವುದರಲ್ಲಿ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರಬಹುದು. ಗ್ಯಾಸ್ ಉರಿದರೂ ನೀರೇ: 1 ಕೆ.ಜಿ. ಪ್ರೊಪೇನ್ ಉರಿದಾಗ ಸುಮಾರು 1.6 ಕೆ.ಜಿ. ನೀರಾವಿ ಹುಟ್ಟುತ್ತದೆ. ಈ ಆವಿ ತಣ್ಣನೆಯ ತಗಡನ್ನು ತಾಕಿದಲ್ಲಿ ಹನಿಗಟ್ಟುತ್ತದೆ. ಆದ್ದರಿಂದ ತೇವದ ಗಾಳಿ ತಗಡನ್ನು ಮುಟ್ಟದಂತೆ ಮಾಡಬೇಕು, ಮುಟ್ಟಿದರೂ ಆರುವ ದಾರಿ ಇಡಬೇಕು.

ಏರು ತಗ್ಗಿನ ತಗಡಿಗೆ ಮುಚ್ಚಿದ ಕೋಶಗಳ, ಬಗ್ಗುವ ರಬ್ಬರ್ ಫೋಮ್ ಹಾಳೆ ಒಳ್ಳೆಯದು. ಅಂಟಿಸುವಾಗ ಗಾಳಿಗುಳ್ಳೆ ಉಳಿಯಬಾರದು, ಕೀಲುಗಳಿಗೆ ಟೇಪ್ ಬೇಕು. ಗಟ್ಟಿ ಫೋಮ್ ಹಲಗೆ ನೆಲಕ್ಕೆ, ಚಪ್ಪಟೆ ಭಾಗಗಳಿಗೆ ಸರಿ. ಒಳಚೌಕಟ್ಟಿನ ಲೋಹದ ಪಟ್ಟಿಗಳನ್ನು ಹಾಗೇ ಬಿಡುವವರೇ ಹೆಚ್ಚು. ಶಾಖ ನುಸುಳುವುದು, ನೀರು ಹನಿಗಟ್ಟುವುದು ಮೊದಲು ಅಲ್ಲೇ. ಅವುಗಳ ಮೇಲೂ 5 ಮಿ.ಮೀ. ಫೋಮ್ ಪಟ್ಟಿ ಹಾಯಲಿ. ಬಾಗಿಲುಗಳ ತಳದಲ್ಲಿರುವ ನೀರು ಹರಿಯುವ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಸದ್ದು ತಗ್ಗಿಸುವ ಬ್ಯೂಟೈಲ್ ಹಾಳೆ ತಗಡಿನ ಕಾಲು ಭಾಗಕ್ಕೆ ಅಂಟಿಸಿದರೂ ಸಾಕು, ಉಳಿದದ್ದು ಬರೀ ತೂಕ.

ವಿದ್ಯುತ್ತು: ಲೆಕ್ಕ ಮೊದಲು, ಖರೀದಿ ಆಮೇಲೆ

12 ವೋಲ್ಟಿನಲ್ಲಿ ದಿನದ ಬಳಕೆ ಹೀಗಿರಬಹುದು: ಕಂಪ್ರೆಸರ್ ಫ್ರಿಜ್ 35 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್), ಚಾವಣಿ ಫ್ಯಾನ್ 15, ದೀಪಗಳು 5, ಫೋನ್ ಮತ್ತು ಲ್ಯಾಪ್‌ಟಾಪ್ 15. ಒಟ್ಟು 70. ಬಿಸಿಲಿಲ್ಲದೆ ಎರಡು ದಿನ ತಳ್ಳಬೇಕೆಂದರೆ 140 ಬೇಕು. 200 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದಕ್ಕೆ ಹೊಂದುತ್ತದೆ. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದಷ್ಟೂ ಆಯಸ್ಸು ಕುಗ್ಗುವುದರಿಂದ, ಸುಮಾರು 300 ಬೇಕಾಗುತ್ತದೆ. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಒಳಗೇ ಕೆಡುತ್ತದೆ. ಚಳಿ ಪ್ರದೇಶಕ್ಕೆ ಹೋಗುವವರು ಅದನ್ನು ವ್ಯಾನಿನ ಬೆಚ್ಚನೆಯ ಭಾಗದಲ್ಲಿ ಇಡಬೇಕು.

ಒಳ್ಳೆಯ ಬಿಸಿಲಿನ ದಿನ 200 ವ್ಯಾಟ್ ಸೌರಫಲಕದಿಂದ 50 ಆಂಪಿಯರ್-ಅವರ್ ಆಸುಪಾಸು ಸಿಗುತ್ತದೆ. ಉಳಿದದ್ದು ಎಂಜಿನ್ ಓಡುವಾಗ ವಿದ್ಯುತ್ತು ತಯಾರಿಸುವ ಆಲ್ಟರ್ನೇಟರಿನಿಂದ, ಅದೂ ಡಿಸಿ-ಡಿಸಿ ಚಾರ್ಜರ್ (ಕರೆಂಟನ್ನು ಮಿತಿಯಲ್ಲಿಟ್ಟು ಮನೆಯ ಬ್ಯಾಟರಿಗೆ ತುಂಬಿಸುವ ಸಾಧನ) ಮೂಲಕವೇ ಬರಬೇಕು. ಲಿಥಿಯಂ ಬ್ಯಾಟರಿಯನ್ನು ನೇರ ಜೋಡಿಸಿದರೆ ಅದು ಸಿಕ್ಕಷ್ಟೂ ಕರೆಂಟ್ ಎಳೆದು ಆಲ್ಟರ್ನೇಟರನ್ನು ಸುಟ್ಟುಬಿಡಬಹುದು. 30 ಆಂಪಿಯರ್ ಚಾರ್ಜರ್ ಎರಡು ಗಂಟೆಯ ಓಟದಲ್ಲಿ 60 ತುಂಬಿಸುತ್ತದೆ.

ವೈರಿನ ದಪ್ಪವನ್ನು ಅಂದಾಜಿನ ಮೇಲೆ ತರಬೇಡಿ. 12 ವೋಲ್ಟಿನಲ್ಲಿ ನಷ್ಟ 3 ಶೇಕಡಾ, ಅಂದರೆ 0.36 ವೋಲ್ಟ್ ದಾಟಬಾರದು. ತಾಮ್ರಕ್ಕೆ ಸೂತ್ರ ಸರಳ: ಹೋಗಿಬರುವ ಒಟ್ಟು ಉದ್ದವನ್ನು (ಮೀಟರಿನಲ್ಲಿ) ಆಂಪಿಯರಿನಿಂದ ಗುಣಿಸಿ, 0.0175ರಿಂದ ಗುಣಿಸಿ, 0.36ರಿಂದ ಭಾಗಿಸಿ. 5 ಮೀಟರ್ ದೂರದ 30 ಆಂಪಿಯರ್ ಚಾರ್ಜರಿಗೆ ಉತ್ತರ 14.6, ತರಬೇಕಾದ್ದು 16 ಚದರ ಮಿ.ಮೀ. ವೈರು. 4 ಮೀಟರ್ ದೂರದ, 5 ಆಂಪಿಯರಿನ ನೀರಿನ ಪಂಪಿಗೆ 2.5 ಸಾಕು. ಫ್ರಿಜ್ ಬ್ಯಾಟರಿ ತುಂಬಿದ್ದರೂ ಆಗಾಗ ನಿಂತುಹೋಗುತ್ತಿದ್ದರೆ ಬಹುಪಾಲು ತೆಳು ವೈರಿನದೇ ಕಾಟ.

ಬಹು ಎಳೆಯ ತಾಮ್ರದ ವೈರೇ ಇರಲಿ; ಮನೆಗೆ ಹಾಕುವ ಒಂಟಿ ಎಳೆಯ ತಂತಿ ಕುಲುಕಾಟಕ್ಕೆ ತುಂಡಾಗುತ್ತದೆ. ತುದಿಗಳನ್ನು ಕ್ರಿಂಪ್ ಮಾಡಿ (ಲೋಹದ ತುದಿಯನ್ನು ಇಕ್ಕಳದಿಂದ ವೈರಿಗೆ ಅದುಮಿ ಕೂರಿಸಿ). ತಗಡಿನ ತೂತಿನಲ್ಲಿ ವೈರು ಹಾಯುವಲ್ಲೆಲ್ಲ ರಬ್ಬರ್ ಗ್ರೊಮೆಟ್ (ಅಂಚು ವೈರನ್ನು ಕೊಯ್ಯದಂತೆ ತೂತಿಗೆ ಹಾಕುವ ಬಳೆ) ಬೇಕು. ಫ್ಯೂಸ್ ಇರುವುದು ಉಪಕರಣಕ್ಕಿಂತ ಹೆಚ್ಚಾಗಿ ವೈರನ್ನು ಕಾಯಲು, ಹಾಗಾಗಿ ಅದರ ಜಾಗ ಬ್ಯಾಟರಿಯ ಪಕ್ಕದಲ್ಲೇ, 15-20 ಸೆಂ.ಮೀ. ಒಳಗೆ. ಎಂಜಿನ್ನಿನ ಬ್ಯಾಟರಿ ಮತ್ತು ಮನೆಯ ಬ್ಯಾಟರಿ, ಈ ಎರಡರ ನಡುವಿನ ಚಾರ್ಜರ್ ವೈರಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, ಏಕೆಂದರೆ ಬೆಂಕಿಗೆ ಬೇಕಾದ ಕರೆಂಟ್ ಎರಡೂ ಕಡೆಯಿಂದ ಬರಬಲ್ಲದು. ಗೋಡೆ ಮುಚ್ಚುವ ಮೊದಲು ವೈರುಗಳ ಪಕ್ಕದಲ್ಲಿ ಟೇಪ್ ಅಳತೆ ಹಿಡಿದು ಫೋಟೋ ತೆಗೆದಿಡಿ. ಕಪಾಟು ಕೂರಿಸಲು ಕೊರೆಯುವ ದಿನ ಅದರ ಬೆಲೆ ಗೊತ್ತಾಗುತ್ತದೆ.

ಗ್ಯಾಸು, ನೀರು

ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರಿನ ಗೂಡು ಒಳಾಂಗಣದ ಕಡೆ ಗಾಳಿಯಾಡದಂತೆ ಮುಚ್ಚಿರಬೇಕು, ತಳದಲ್ಲಿ ನೇರ ಹೊರಕ್ಕೆ ತೆರೆದ ತೂತು ಇರಬೇಕು. ಆ ತೂತಿನ ಹತ್ತಿರ ಸೈಲೆನ್ಸರ್ ಬರಬಾರದು. ಗ್ಯಾಸ್ ಸೋರಿಕೆಯ ಅಲಾರಂ ನೆಲದ ಹತ್ತಿರ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗಿದಾಗ ತಲೆ ಬರುವ ಎತ್ತರದಲ್ಲಿ. ಒಂದರ ಕೆಲಸ ಇನ್ನೊಂದು ಮಾಡದು. ಒಲೆ ಉರಿಯುವಾಗ ಕಿಟಕಿ ತೆರೆದು ಫ್ಯಾನ್ ಓಡಿಸಿ. ವ್ಯಾನನ್ನು ಬೆಚ್ಚಗಿಡಲು ಒಲೆ ಹಚ್ಚುವುದು ಪ್ರಾಣಕ್ಕೆ ಎರವಾದೀತು.

ನೀರಿಗೆ 50 ಲೀಟರಿನ ಆಹಾರ ದರ್ಜೆಯ ಟ್ಯಾಂಕ್, ನಿಮಿಷಕ್ಕೆ 4 ಲೀಟರಿನ ಪಂಪ್, ಪಂಪಿಗೆ ಮುಂಚೆ ಜಾಲರಿ ಸೋಸಕ. ದೊಡ್ಡ ಪಂಪಿನಲ್ಲಿ ಕೈ ತೊಳೆಯುವಷ್ಟರಲ್ಲೇ ಲೀಟರುಗಟ್ಟಲೆ ಹರಿದುಹೋಗುತ್ತದೆ. ಬಳಸಿದ ನೀರಿಗೂ ಬೇರೆ ಟ್ಯಾಂಕ್ ಬೇಕು.

ನೆಲ, ಗೋಡೆ, ಮಂಚ

ನೆಲದ ಏರಿಳಿತವನ್ನು ಫೋಮ್ ಪಟ್ಟಿಗಳಿಂದ ತುಂಬಿಸಿ, ಮೇಲೆ 20 ಮಿ.ಮೀ. ಗಟ್ಟಿ ಫೋಮ್, 12 ಮಿ.ಮೀ. ಪ್ಲೈವುಡ್, ಕೊನೆಗೆ ವಿನೈಲ್ ಹಾಳೆ.

ಕಪಾಟು, ಮಂಚಗಳನ್ನು ತಗಡಿನ ಸ್ಕ್ರೂಗಳ ಮೇಲೆ ನಿಲ್ಲಿಸಬೇಡಿ. ಕುಲುಕಿ ಕುಲುಕಿ ತೂತು ಅಗಲವಾಗುತ್ತದೆ. ಚೌಕಟ್ಟಿನ ಪಟ್ಟಿಗಳಲ್ಲಿ ರಿವ್‌ನಟ್ (ತೂತಿನೊಳಗೆ ಅದುಮಿ ಕೂರಿಸುವ, ಒಳಗೆ ಮರೆ ಇರುವ ನಟ್ಟು) ಕೂರಿಸಿ, ಬೋಲ್ಟ್ ಹಾಕಿ. ಎಂ6 ರಿವ್‌ನಟ್ಟಿಗೆ 9 ಮಿ.ಮೀ., ಎಂ8ಕ್ಕೆ 11 ಮಿ.ಮೀ. ತೂತು. ತೂತು ಅರ್ಧ ಮಿಲಿಮೀಟರ್ ದೊಡ್ಡದಾದರೂ ಬೋಲ್ಟ್ ಬಿಗಿಯುವಾಗ ನಟ್ಟು ಜೊತೆಗೇ ತಿರುಗುತ್ತದೆ, ಆಮೇಲೆ ಅದನ್ನು ಕೊರೆದು ತೆಗೆಯದೆ ಬೇರೆ ದಾರಿಯಿಲ್ಲ. ನೆಲಕ್ಕೆ ಕೊರೆಯುವ ಮುನ್ನ ವ್ಯಾನಿನಡಿ ಮಲಗಿ ನೋಡಿ: ಇಂಧನ ಟ್ಯಾಂಕ್, ಬ್ರೇಕ್ ಪೈಪು ಎಲ್ಲಿವೆ? ಬದಿಯ ಏರ್‌ಬ್ಯಾಗ್ ಇರುವ ಕಂಬಗಳನ್ನು ಮುಟ್ಟಲೇಬೇಡಿ. ಹೆಚ್ಚುವರಿ ಸೀಟು ಬೇಕಿದ್ದರೆ ಅದು ಪ್ರಮಾಣಿತ ಕೆಲಸಗಾರರ ಪಾಲು, ಮರದ ಪೆಟ್ಟಿಗೆಗೆ ಬೆಲ್ಟ್ ಕಟ್ಟಿದರೆ ಸೀಟಾಗದು.

ಮಂಚಕ್ಕೆ ಪೂರ್ತಿ ಹಲಗೆಯ ಬದಲು 5-6 ಸೆಂ.ಮೀ. ಅಂತರ ಬಿಟ್ಟ ಪಟ್ಟಿಗಳು ಇರಲಿ. ಗಾಳಿಯಾಡದ ಹಾಸಿಗೆಯ ಅಡಿ ಕೆಲವೇ ವಾರಗಳಲ್ಲಿ ಬೂಸ್ಟು ಹಿಡಿಯುತ್ತದೆ. ಕಪಾಟಿನ ಬಾಗಿಲುಗಳಿಗೆ ಗುಂಡಿ ಒತ್ತಿ ತೆರೆಯುವ ಚಿಲಕ ಹಾಕಿ. ಆಯಸ್ಕಾಂತದ ಚಿಲಕ ಮೊದಲ ತಿರುವಿನಲ್ಲೇ ಬಿಟ್ಟುಕೊಡುತ್ತದೆ.

ಎಲ್ಲ ತುಂಬಿಸಿ ಮತ್ತೆ ವೇಬ್ರಿಡ್ಜಿಗೆ ಹೋಗಿ, ಈ ಸಲ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆ ತೂಗಿಸಿ. ವಾಹನದ ದಾಖಲೆ ಬದಲಾಯಿಸಬೇಕೇ, ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಹೊರಡುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಮೊದಲ ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ನೀರಿನ ಕೀಲುಗಳನ್ನು ಒಣ ಕಾಗದದಿಂದ ಒರೆಸಿ ನೋಡಿ, ಗ್ಯಾಸಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಪರೀಕ್ಷಿಸಿ.