'ಗಿಂತ' ಮರೆತು ಗೂಟ ಹೊಡೆದ ಕಥೆ

ನಮ್ಮ ತೋಟದ ಟ್ಯಾಂಕ್ ಇರುವುದು ಗುಡ್ಡದ ನೆತ್ತಿಯಲ್ಲಿ, ಪಂಪ್‌ಹೌಸ್ ಕೆಳಗೆ ಕೆರೆಯ ಪಕ್ಕ. ನಡುವೆ ಸುಮಾರು 300 ಮೀಟರ್. ಟ್ಯಾಂಕ್ ತುಂಬಿದ್ದು ಅಡಿಕೆ ಮರಗಳ ಸಂದಿಯಲ್ಲಿ ನೀರು ಧುಮ್ಮಿಕ್ಕುವ ಸದ್ದು ಕೇಳಿದಾಗಲೇ ಗೊತ್ತಾಗುತ್ತಿತ್ತು. ಆಗ ಯಾರಾದರೂ ಮೋಟರ್ ಆರಿಸಲು ಓಡಬೇಕು. ಆ 'ಯಾರಾದರೂ' ಯಾವಾಗಲೂ ನಾನೇ. ಓದಿದ್ದು ಬಿ.ಕಾಂ., ಎಲೆಕ್ಟ್ರಾನಿಕ್ಸ್ ಕಲಿತದ್ದು ಈ ಓಟ ತಪ್ಪಿಸಿಕೊಳ್ಳಲು.

ಶುರುವಿನಲ್ಲೇ ದಾರಿ ತಪ್ಪಿಸಿದ್ದು 'ಅರೆವಾಹಕ' (ಸೆಮಿಕಂಡಕ್ಟರ್) ಎಂಬ ಪದ. ಅರೆಬೆಂದ ಅನ್ನದ ಹಾಗೆ, ಅರ್ಧ ಕರೆಂಟು ಬಿಟ್ಟು ಅರ್ಧ ತಡೆಯುವ ವಸ್ತು ಅಂದುಕೊಂಡಿದ್ದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಮಲ್ಟಿಮೀಟರ್, ಒಂದು ಹಿಡಿ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಅರೆವಾಹಕದಿಂದ ಮಾಡಿದ ಬಿಡಿಭಾಗ) ತಂದೆ. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಬಿಳಿ ಪಟ್ಟಿಯಿರುವ ಕಾಲಿಗೂ ಕೆಂಪನ್ನು ಇನ್ನೊಂದಕ್ಕೂ ಹಿಡಿದರೆ 0.585 ವೋಲ್ಟ್. ಅದಲು ಬದಲು ಮಾಡಿದರೆ ಏನೂ ಇಲ್ಲ. ಮತ್ತೆ ಮೊದಲಿನಂತೆ ಹಿಡಿದು ಡಯೋಡನ್ನು ಎರಡು ಬೆರಳಲ್ಲಿ ಒತ್ತಿಕೊಂಡೆ. ಮೈಶಾಖಕ್ಕೆ ಅಂಕಿ ಒಂದೊಂದಾಗಿ ಇಳಿದು 0.570ರ ಹತ್ತಿರ ನಿಂತಿತು. ಒಂದು ಡಿಗ್ರಿ ಬಿಸಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ತಂತಿ ಬಿಸಿಯಾದಷ್ಟೂ ಕರೆಂಟಿಗೆ ಅಡ್ಡಿ ಹೆಚ್ಚು. ಈ ವಸ್ತುವಿನ ಸ್ವಭಾವವೇ ಬೇರೆ ಅಂತ ಆವತ್ತು ತಲೆಗೆ ಹೋಯಿತು.

ಆ ವಸ್ತು ಸಿಲಿಕಾನ್. ಅದರ ಪರಮಾಣುವಿನ ಹೊರಕವಚದಲ್ಲಿ 4 ಎಲೆಕ್ಟ್ರಾನ್. ನಾಲ್ಕೂ ಅಕ್ಕಪಕ್ಕದವರ ಕೈ ಹಿಡಿದು ಕೂತಿರುತ್ತವೆ. 5 ಇರುವ ರಂಜಕವನ್ನು ಚೂರೇ ಚೂರು ಬೆರೆಸಿದರೆ ಒಂದು ಮಿಕ್ಕಿ ಅಡ್ಡಾಡುತ್ತದೆ. ಅದು ಎನ್ ಬಗೆ. 3 ಇರುವ ಬೋರಾನ್ ಬೆರೆಸಿದರೆ ಒಂದು ಜಾಗ ಖಾಲಿ. ಅದು ಪಿ ಬಗೆ. ಎರಡೂ ಕೂಡುವ ಗಡಿಯೇ ಡಯೋಡ್. ಪಿ ಬದಿಯು ಎನ್ ಬದಿಗಿಂತ 0.6 ವೋಲ್ಟಿನಷ್ಟು ಮೇಲಿದ್ದರೆ ಕರೆಂಟು ಸರಾಗ. ಈ 'ಗಿಂತ' ಇದೆಯಲ್ಲ, ಅದನ್ನು ನಾನು ಓದಿಕೊಂಡು ಮುಂದೆ ಹೋದೆ. ಮೀಟರಿಗೆ ಯಾಕೆ ಎರಡು ಕಡ್ಡಿ ಅಂತಲೂ ಯೋಚಿಸಲಿಲ್ಲ.

ಟ್ರಾನ್ಸಿಸ್ಟರ್ ಅಷ್ಟೇನೂ ಕಾಡಲಿಲ್ಲ. (ಅಪ್ಪನಿಗೆ ಟ್ರಾನ್ಸಿಸ್ಟರ್ ಅಂದರೆ ಈಗಲೂ ರೇಡಿಯೋನೇ.) ಆರ್ಡುಯಿನೋ (ಪ್ರೋಗ್ರಾಮ್ ಬರೆದು ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಪಿನ್ನಿಂದ 20 ಮಿಲಿಆಂಪಿಯರ್ ತೆಗೆಯಬಹುದು, ನನ್ನ 5 ವೋಲ್ಟ್ ರಿಲೇಗೆ (ಕರೆಂಟು ಕೊಟ್ಟರೆ ತಾನೇ ಒತ್ತಿಕೊಳ್ಳುವ ಸ್ವಿಚ್ಚಿಗೆ) 70 ಬೇಕು. ನಡುವೆ ಚಿಕ್ಕ ಕರೆಂಟಿನಿಂದ ದೊಡ್ಡದನ್ನು ಆಳುವ ಬಿ.ಸಿ. 547 ಟ್ರಾನ್ಸಿಸ್ಟರ್, ಅದರ ಬೇಸಿಗೆ (ಚಿಕ್ಕ ಕರೆಂಟು ಹೋಗುವ ಕಾಲಿಗೆ) 1 ಕಿಲೋಓಮ್ ರೆಸಿಸ್ಟರ್, ರಿಲೇ ಆರುವಾಗ ಏಳುವ ವೋಲ್ಟೇಜಿನ ಪೆಟ್ಟು ತಡೆಯಲು ಅದರ ಕಾಯಿಲ್‌ಗೆ ಅಡ್ಡವಾಗಿ ತಿರುಗುಮುರುಗಾಗಿ ಒಂದು ಡಯೋಡ್. ರಿಲೇ ಮೋಟರನ್ನು ನೇರವಾಗಿ ಹೊರುವುದಿಲ್ಲ, ಸ್ಟಾರ್ಟರಿನ ಕಾಯಿಲ್‌ ಅನ್ನಷ್ಟೇ ಎಳೆಯುತ್ತದೆ.

ಇನ್ನು ಗುಡ್ಡದ ಸುದ್ದಿ ಕೆರೆಗೆ ಮುಟ್ಟಿಸಬೇಕು. ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ತೇಲುವ ಮೂರು ಫ್ಲೋಟ್ ಸ್ವಿಚ್, ಪಕ್ಕದಲ್ಲಿ ಸೋಲಾರ್ ಬ್ಯಾಟರಿಯ ಮೇಲೆ ಒಂದು ಆರ್ಡುಯಿನೋ. ಅದು ನೀರಿನ ಮಟ್ಟ ತಿಳಿಸಲು ಪಂಪ್‌ಹೌಸಿನ ಆರ್ಡುಯಿನೋಗೆ ಸೆಕೆಂಡಿಗೊಂದು ಅಕ್ಷರ ಕಳಿಸುತ್ತದೆ. ಇದೇ ಸೀರಿಯಲ್ ಕಮ್ಯುನಿಕೇಶನ್: ಬಿಟ್‌ಗಳು (ಒಂದು ಅಥವಾ ಸೊನ್ನೆ) ಒಂದರ ಹಿಂದೊಂದು, ಒಂದೇ ವೈರಿನಲ್ಲಿ. ಸುಮ್ಮನಿದ್ದಾಗ ವೈರು 5 ವೋಲ್ಟಿನಲ್ಲಿರುತ್ತದೆ. ಸೊನ್ನೆಗೆ ಬಿದ್ದರೆ 'ಶುರುವಾಯಿತು' ಅಂತ. ಆಮೇಲೆ 8 ಬಿಟ್, ಕೊನೆಗೊಂದು ಸ್ಟಾಪ್ ಬಿಟ್. ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್) 9600 ಅಂದರೆ ಒಂದು ಬಿಟ್‌ಗೆ 104 ಮೈಕ್ರೋಸೆಕೆಂಡ್. ಕಳಿಸುವ, ಓದುವ ಎರಡೂ ಬೋರ್ಡು ತಮ್ಮ ತಮ್ಮ ಗಡಿಯಾರ ನೋಡಿಕೊಂಡೇ ಎಣಿಸಬೇಕು. ಮೇಜಿನ ಮೇಲೆ ಒಂದು ಅಕ್ಷರವೂ ತಪ್ಪಲಿಲ್ಲ.

ತೋಟದಲ್ಲಿ ಜಿಪುಣತನ ಮಾಡಿದೆ. ಸಿಗ್ನಲ್‌ಗೆ ಒಂದು ವೈರು, ಗ್ರೌಂಡ್‌ಗೆ (ವೋಲ್ಟ್ ಎಣಿಸಲು ಸೊನ್ನೆ ಅಂತ ಹಿಡಿಯುವ ಜಾಗಕ್ಕೆ) ಇನ್ನೊಂದು, ಎರಡೂ ಸೇರಿ 600 ಮೀಟರ್ ಬೇಕಿತ್ತು. ಗ್ರೌಂಡ್ ಅಂದರೆ ನೆಲ ತಾನೇ? ಮೇಲೊಂದು, ಕೆಳಗೊಂದು ಕಬ್ಬಿಣದ ಗೂಟ ಹೊಡೆದು, ಎರಡು ಬೋರ್ಡಿನ ಗ್ರೌಂಡನ್ನೂ ಗೂಟಕ್ಕೆ ಕಟ್ಟಿದೆ. ಕೆಲಸ ಮಾಡಿತು ಕೂಡ! ಮೋಟರ್ ಹಾಕುವ ತನಕ. ಹಾಕಿದ್ದೇ ತಡ ಲ್ಯಾಪ್‌ಟಾಪಿನ ಪರದೆ ತುಂಬ ಚೌಕ, ಪ್ರಶ್ನೆಚಿಹ್ನೆ, ಗೀಟು. ಹಿಂದೆ ನಿಂತಿದ್ದ ಅಪ್ಪ, "ಎಂತ ಮಾರಾಯ, ಇದು ಯಾವ ಭಾಷೆ?" ಅಂದರು.

ಎರಡು ದಿನ ಪ್ರೋಗ್ರಾಮ್ ತಿದ್ದಿದೆ. ಮೂರನೇ ದಿನ, ಬೇರೇನೂ ತೋಚದೆ, ಸಿಗ್ನಲ್ ವೈರಿನ ಮೇಲ್ತುದಿಯನ್ನು ಬೋರ್ಡಿನಿಂದ ಬಿಚ್ಚಿ ಮೇಲಿನ ಗೂಟಕ್ಕೇ ಕಟ್ಟಿ, ಕೆಳಗೆ ಬಂದು ಆ ವೈರಿಗೂ ಕೆಳಗಿನ ಗೂಟಕ್ಕೂ ಮೀಟರ್ ಹಿಡಿದೆ. ಮೋಟರ್ ನಿಂತಿದ್ದಾಗ ಹೆಚ್ಚುಕಡಿಮೆ ಸೊನ್ನೆ. ಓಡುವಾಗ 4 ವೋಲ್ಟ್ ಎ.ಸಿ. ಮೇಲಿನ ನೆಲ ಬೇರೆ, ಕೆಳಗಿನ ನೆಲ ಬೇರೆ. ಆರ್ಡುಯಿನೋ 1.5 ವೋಲ್ಟಿಗಿಂತ ಕೆಳಗಿದ್ದರೆ ಸೊನ್ನೆ, 3ಕ್ಕಿಂತ ಮೇಲಿದ್ದರೆ ಒಂದು ಅನ್ನುತ್ತದೆ, ಅದೂ ತನ್ನ ಗ್ರೌಂಡಿಗೆ ಹೋಲಿಸಿ. ಆ ಗ್ರೌಂಡೇ ಉಯ್ಯಾಲೆ ಆಡುತ್ತಿದ್ದರೆ ಪಾಪ ಅದೇನು ಮಾಡೀತು? ನೆಲಕ್ಕೆ ಕರೆಂಟು ಸೋರುತ್ತಿದ್ದದ್ದು ಮೋಟರಿನ ಕೇಬಲ್ ಜಾಯಿಂಟ್‌ನಲ್ಲಿ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದಾಗ ಟೇಪಿನೊಳಗೆ ನೀರಿತ್ತು. ನಾವು ಆ ಕೆರೆಯಲ್ಲಿ ಕಾಲು ತೊಳೆಯುತ್ತಿದ್ದೆವು.

ಜಾಯಿಂಟ್ ಸರಿಯಾದ ಮೇಲೂ ಗೂಟದ ಸಹವಾಸ ಬೇಡ ಅಂತ ಆರ್‌ಎಸ್-485 ಎಂಬ, ಜೋಡಿ ವೈರಿನಲ್ಲಿ ಬಿಟ್ ಕಳಿಸುವ ಪದ್ಧತಿಗೆ ಬದಲಿಸಿದೆ. ಎರಡೂ ತುದಿಗೆ ಮ್ಯಾಕ್ಸ್485 ಚಿಪ್ಪಿನ ಒಂದೊಂದು ಪುಟ್ಟ ಬೋರ್ಡ್, ನಡುವೆ ಒಂದಕ್ಕೊಂದು ಹೆಣೆದ ಜೋಡಿ ವೈರು. ಇಲ್ಲಿ ಒಂದೋ ಸೊನ್ನೆಯೋ ಅಂತ ತೀರ್ಮಾನಿಸುವುದು ಎ ವೈರು ಬಿ ವೈರಿಗಿಂತ ಮೇಲಿದೆಯೋ ಕೆಳಗಿದೆಯೋ ಅನ್ನುವುದರಿಂದ. 200 ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಸಾಕು. ಹೊರಗಿನ ಗಲಾಟೆ ಎರಡನ್ನೂ ಒಟ್ಟಿಗೆ ಎತ್ತಿದರೆ ವ್ಯತ್ಯಾಸ ಹಾಗೇ ಉಳಿಯುತ್ತದೆ. ಆದರೆ ಅದಕ್ಕೂ ಮಿತಿಯಿದೆ, ಚಿಪ್ಪಿನ ಗ್ರೌಂಡಿಗೆ ಹೋಲಿಸಿ -7ರಿಂದ +12 ವೋಲ್ಟ್. ಅದಕ್ಕೇ ಈ ಸಲ ಗ್ರೌಂಡ್‌ಗೂ ಒಂದು ವೈರು ಎಳೆದೆ. ಸಿಗ್ನಲ್ ತುದಿಗೆ ಬಡಿದು ವಾಪಸ್ ಪುಟಿಯದಂತೆ ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಮೊದಲ ದಿನ ಮತ್ತೆ ಅದೇ ಚೌಕಗಳು ಬಂದಾಗ ಜೀವ ಬಾಯಿಗೆ ಬಂತು, ನೋಡಿದರೆ ಎ-ಬಿ ಅದಲು ಬದಲಾಗಿತ್ತು. 10 ಸೆಕೆಂಡ್ ಅಕ್ಷರ ಬಾರದಿದ್ದರೆ ಮೋಟರ್ ತಾನಾಗಿ ನಿಲ್ಲಬೇಕು ಅಂತಲೂ ಬರೆದಿದ್ದೇನೆ.

ಮೇ ತಿಂಗಳ ಒಂದು ಸಿಡಿಲಿಗೆ ಕೆಳಗಿನ ಚಿಪ್ ಸುಟ್ಟಿತು. ಈಗ ರಕ್ಷಣೆಗೆ ಟಿ.ವಿ.ಎಸ್. ಡಯೋಡ್ (ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಡಯೋಡ್) ಇದೆ, ಆದರೂ ನನಗೆ ಧೈರ್ಯ ಸಾಲದು. ಮೋಡ ಕಟ್ಟತೊಡಗಿದರೆ ಕನೆಕ್ಟರ್ ಕೀಳಲು ಪಂಪ್‌ಹೌಸಿಗೆ ಓಡುವುದು ಈಗಲೂ ನಾನೇ.